ಬಂದೂಕಿನ ಕೆಳಭಾಗ ಬದಲಿಸಿದರೆ ಲಾಭವೇ?

ಪ್ರಶ್ನೆ: ಅಮೆರಿಕದಲ್ಲಿ ಎಆರ್-15 ರೈಫಲ್ ಇರುವವರು ಅದರ ‘ಲೋವರ್ ರಿಸೀವರ್’ ತೆಗೆದು ಬೇರೆ ಕಂಪನಿಯದನ್ನು ಹಾಕಿಕೊಳ್ಳುತ್ತಾರಂತೆ. ಅದರಿಂದ ಗುರಿ ಸುಧಾರಿಸುತ್ತದೆಯೇ?

ಉತ್ತರ: ಇಲ್ಲವೆಂದೇ ಹೇಳಬೇಕು. ಈ ರೈಫಲ್ಲಿಗೆ ಮೇಲಿನದು, ಕೆಳಗಿನದು ಎಂದು ಎರಡು ಭಾಗ. ಎರಡು ಪಿನ್ನುಗಳು ಅವನ್ನು ಜೋಡಿಸಿಡುತ್ತವೆ. ನಳಿಕೆ, ಬೋಲ್ಟ್ ಎರಡೂ ಇರುವುದು ಮೇಲ್ಭಾಗದಲ್ಲಿ. ಗುಂಡು ಸಿಡಿಯುವ ಕ್ಷಣದಲ್ಲಿ ಬೋಲ್ಟ್ ನಳಿಕೆಯ ಹಿಂತುದಿಗೆ ಕಚ್ಚಿಕೊಂಡಿರುತ್ತದೆ. ಹಾಗಾಗಿ ಸ್ಫೋಟದ ಒತ್ತಡವನ್ನು ತಡೆಯುವವು ಅವೆರಡೇ. ಕೆಳಭಾಗವೋ, ಟ್ರಿಗರ್, ಮ್ಯಾಗಜಿನ್, ಹಿಡಿಗಳನ್ನು ಕೂರಿಸುವ ಚೌಕಟ್ಟು. ಹೊಲಿಗೆ ಯಂತ್ರದ ಸ್ಟ್ಯಾಂಡ್ ಬದಲಿಸಿದ ಮಾತ್ರಕ್ಕೆ ಹೊಲಿಗೆ ನೆಟ್ಟಗಾಗುತ್ತದೆಯೇ? ಸೂಜಿ ಸರಿಯಿರಬೇಕು.

ಸಾಮಾನ್ಯವಾಗಿ ಈ ಕೆಳಭಾಗವನ್ನು 7075 ಎಂಬ ಗಟ್ಟಿ ಅಲ್ಯೂಮಿನಿಯಂ ಮಿಶ್ರಲೋಹದಿಂದ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಮಾಡುತ್ತಾರೆ. ಹೆಚ್ಚಿನ ಬೆಲೆ ಬಹುಪಾಲು ಹೆಸರಿಗೆ, ನುಣುಪಿಗೆ. ತಮಾಷೆಯೆಂದರೆ, ಗುರಿಗೆ ಬೇಡವಾದ ಈ ತುಂಡೇ ಅಲ್ಲಿನ ವ್ಯವಹಾರದಲ್ಲಿ ‘ಬಂದೂಕು’: ಕ್ರಮಸಂಖ್ಯೆ ಕೆತ್ತಿರುವುದು ಇದರ ಮೇಲೆ. ಅಂಗಡಿಯಲ್ಲಿ ಕೊಳ್ಳಲು ಹೋದರೆ ಪೂರ್ತಿ ಬಂದೂಕಿನಂತೆಯೇ ಅರ್ಜಿ, ತಪಾಸಣೆ. ನಳಿಕೆಯನ್ನು ಸಾಮಾನ್ಯವಾಗಿ ಈ ರಗಳೆಯಿಲ್ಲದೆ ಕೊಳ್ಳಬಹುದು!

ಕೆಳಭಾಗ ಬಿರುಕು ಬಿಟ್ಟಿದ್ದರೆ, ಪಿನ್ನಿನ ರಂಧ್ರ ಸವೆದಿದ್ದರೆ ಬದಲಿಸಲೇಬೇಕು. ಇಲ್ಲದಿದ್ದರೆ ಆ ಹಣ ಒಳ್ಳೆಯ ನಳಿಕೆಗೋ ಟ್ರಿಗರಿಗೋ ಹೋಗುವುದು ಲೇಸು.