ಗಿರಣಿ ನಿಂತ ಊರಲ್ಲಿ ಮಂಡಕ್ಕಿ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಗೆ ಕಾಲಿಟ್ಟರೆ ಮೊದಲು ಹೊಗೆ ಮೂಗಿಗೆ ಬಡಿಯುತ್ತದೆ, ಆಮೇಲೆ ಬಾಣಲೆಯಲ್ಲಿ ಮರಳಾಡುವ ಸದ್ದು ಕೇಳುತ್ತದೆ. ಭತ್ತ ನೆನೆಸಿ, ಹುರಿದು, ಒಣಗಿಸಿ, ಮಿಲ್ಲಿಗೆ ಹಾಕಿಸಿ ತಂದ ಅಕ್ಕಿಗೆ ಉಪ್ಪುನೀರು ಹಿಡಿಸಿ ಕಾದ ಮರಳಿಗೆ ಸುರಿದರೆ, ರೆಪ್ಪೆ ಬಡಿಯುವಷ್ಟರಲ್ಲಿ ಬಾಣಲೆ ತುಂಬ ಬೆಳ್ಳಗೆ ಅರಳುತ್ತದೆ. ಜರಡಿ ಹಿಡಿಯುವವರು, ಚೀಲ ತುಂಬುವವರು ಹೆಚ್ಚಾಗಿ ಮನೆಮಂದಿಯೇ. ಭದ್ರಾ ನಾಲೆಯ ಭತ್ತ ಪಕ್ಕದಲ್ಲೇ ಇರುವುದರಿಂದ ಈ ಕಸುಬು ಇಲ್ಲಿ ಬೇರು ಬಿಟ್ಟಿದೆ.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ಅತ್ತ ಹರಿಹರದಲ್ಲಿ 1941ರಲ್ಲಿ ಹುಟ್ಟಿ, ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕೂಡ ಬಾಗಿಲು ಹಾಕಿತು. ಅಷ್ಟು ದೊಡ್ಡ ಯಂತ್ರಗಳು ಸುಮ್ಮನಾದ ಮೇಲೂ ಮನೆಯವರೇ ನಡೆಸುವ ಈ ಸಣ್ಣ ಒಲೆಗಳು ಆರಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಬೆಣ್ಣೆ ದೋಸೆಯದೂ ಇದೇ ಕಥೆ. 1928ರ ಸುಮಾರಿಗೆ ಮಕ್ಕಳನ್ನು ಕಟ್ಟಿಕೊಂಡು ಬೆಳಗಾವಿ ಸೀಮೆಯಿಂದ ಬಂದ ಚೆನ್ನಮ್ಮ ಎಂಬ ತಾಯಿ ನಾಟಕದ ಥಿಯೇಟರಿನ ಬಳಿ ರಾಗಿ ದೋಸೆ ಹುಯ್ಯತೊಡಗಿದರೆಂದು ಊರಿನವರು ಹೇಳುತ್ತಾರೆ. ಆಮೇಲೆ ರಾಗಿಯ ಜಾಗಕ್ಕೆ ಅಕ್ಕಿ, ಉದ್ದು ಬಂದವು. ಜೊತೆಗೆ ಮಂಡಕ್ಕಿಯೂ ಹಿಟ್ಟಿಗೆ ಸೇರಿತು. ಮಕ್ಕಳು ಹೋಟೆಲು ಇಟ್ಟರು. ಕಟ್ಟಿಗೆ ಒಲೆಯ ಹಂಚಿನ ಮೇಲೆ ಬೆಣ್ಣೆ ಕರಗುವಾಗಿನ ಘಮ, ಪಕ್ಕಕ್ಕೆ ಬೆಳ್ಳನೆಯ ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿ: ಇಷ್ಟಕ್ಕೇ ದೂರದ ಊರುಗಳಿಂದ ಜನ ಬರುತ್ತಾರೆ.

ಸಂಜೆಗೆ ಮಾತ್ರ ಮಂಡಕ್ಕಿ ಅಂಗಡಿಯೇ ಸರಿ. ಗಂಡ ಎಣ್ಣೆ ಬಾಣಲೆಯ ಮುಂದೆ, ಹೆಂಡತಿ ಈರುಳ್ಳಿ ಹೆಚ್ಚುತ್ತ, ಮಗ ಗಲ್ಲಾದ ಮೇಲೆ. ಪುಟಾಣಿ ಹಿಟ್ಟು, ಖಾರ, ಈರುಳ್ಳಿ, ಕೊತ್ತಂಬರಿ ಕಲಸಿದ ನರ್ಗಿಸ್ ಮಂಡಕ್ಕಿ ಕಾಗದದ ಮೇಲೆ ಬೀಳುತ್ತದೆ. "ಮಿರ್ಚಿ ಎಷ್ಟು ಹಾಕ್ಲಿ ಅಣ್ಣಾ?" ಎಂದು ಕೇಳುವ ಹೊತ್ತಿಗೆ ಉದ್ದನೆಯ ಹಸಿಮೆಣಸಿನಕಾಯಿ ಕಡಲೆಹಿಟ್ಟಿನಲ್ಲಿ ಮುಳುಗಿರುತ್ತದೆ. ಬಿಸಿ ಆರುವ ಮೊದಲೇ ತಿನ್ನಬೇಕು, ಮಂಡಕ್ಕಿಯನ್ನಂತೂ ಕಲಸಿದ ಕೂಡಲೇ. ತಡ ಮಾಡಿದರೆ ಮೆತ್ತಗಾಗುತ್ತದೆ.

ಈ ರುಚಿಯ ಹಿಂದೆ ಭಟ್ಟಿಯವರು ಉಸಿರಾಡುವ ಹೊಗೆಯಿದೆ. ಹಿಂದೆ ಹಳೆ ಟೈರನ್ನೂ ಉರುವಲಾಗಿ ಸುಟ್ಟದ್ದುಂಟು. ಊರಿಗೆ ಹೆಸರು ತಂದವರಿಗೆ ಹೊಗೆಯಿಲ್ಲದ ಒಲೆ ಸಿಗಲೇಬೇಕು, ಅದೂ ಅವರ ಕೈಗೆಟುಕುವ ಬೆಲೆಯಲ್ಲಿ.