ಸಾಮಾನು ಬಂತು, ಬೀಗದ ಕೈ ಬಂತೇ?



ಐವತ್ತು ದಾಟಿದ ಗೃಹಿಣಿ, ಅದೂ ಇಂಗ್ಲಿಷಿನಲ್ಲಿ ಬಿ.ಎ. ಮಾಡಿದವಳು, ಗಣಕಯಂತ್ರದ ಬಗ್ಗೆ ಬರೆಯುತ್ತಾಳೆಂದರೆ ನಿಮಗೆ ನಗು ಬರಬಹುದು. ನಕ್ಕುಬಿಡಿ, ಆಮೇಲೆ ಓದಿ. ನಿಮ್ಮಲ್ಲಿ ಅನೇಕರಿಗೆ ಈ ಯಂತ್ರವೇ ಅನ್ನ ಕೊಡುತ್ತಿದೆ. ನಾನು ಮಾಡಿದ ತಪ್ಪು ನಿಮ್ಮ ಕೈಯಿಂದ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಸಂಘದ ಕಚೇರಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರಲ್ಲೂ ಹೊಸದರಲ್ಲೂ ಲಿನಕ್ಸ್ ವ್ಯವಸ್ಥೆಯೇ ಇತ್ತು. ಸಮಿತಿಯ ಸದಸ್ಯೆಯಾದ್ದರಿಂದ ಫೈಲುಗಳನ್ನು ಸಾಗಿಸುವ ಕೆಲಸವನ್ನು ನಾನೇ ವಹಿಸಿಕೊಂಡೆ. ಹಳೆಯದರಿಂದ ಪೆನ್‌ಡ್ರೈವಿಗೆ ತುಂಬಿಸಿ ಹೊಸದಕ್ಕೆ ಸುರಿದೆ. ಒಂದು ಫೈಲೂ ತಪ್ಪಿಲ್ಲವೆಂದು ಎಣಿಸಿ ನೋಡಿ ಹಿಗ್ಗಿದೆ.

ಎಂಟು ದಿನ ಕಳೆದಿರಲಿಲ್ಲ. ವಾಚನಾಲಯಕ್ಕೆ ಬಂದ ಹುಡುಗನೊಬ್ಬ, ಎಲ್ಲರೂ ಬಳಸುವ ಖಾತೆಯಲ್ಲೇ ಕುಳಿತು, ವಿದ್ಯಾರ್ಥಿವೇತನದ ಅರ್ಜಿಗಳನ್ನು ತೆರೆದ. ತನ್ನದೇ ತರಗತಿಯ ಹುಡುಗಿಯೊಬ್ಬಳ ತಂದೆಯ ವರಮಾನ, ಅವರ ಕಾಯಿಲೆಯ ವಿವರ ಎಲ್ಲವೂ ಅವನ ಕಣ್ಣಿಗೆ ಬಿತ್ತು. ಮಾತು ಬಾಯಿಂದ ಬಾಯಿಗೆ ಹೋಯಿತು. ಆ ಹುಡುಗಿ ಸಂಘದ ಮೆಟ್ಟಿಲು ಹತ್ತುವುದನ್ನೇ ಬಿಟ್ಟಳು.

ಇಂಜಿನಿಯರಿಂಗ್ ಓದುತ್ತಿರುವ ಸದಸ್ಯರೊಬ್ಬರ ಮಗನನ್ನು ಕರೆಸಿದೆ. ಅವನು ನೋಡಿ ಹೇಳಿದ: "ಆಂಟಿ, ಸಾಮಾನು ಬಂದಿದೆ. ಬೀಗದ ಕೈ ಬಂದಿಲ್ಲ."

ಅವನು ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಲಿನಕ್ಸ್ ಹುಟ್ಟಿದ್ದು 1991ರಲ್ಲಿ. ಅದು ಯಾವುದರ ಮಾದರಿಯಲ್ಲಿ ಬಂತೋ ಆ ಯುನಿಕ್ಸ್ 1969ರದು. ಎರಡರಲ್ಲೂ ಪ್ರತಿಯೊಂದು ಫೈಲಿಗೆ ಮೂರು ಬಗೆಯ ಜನ: ಒಡೆಯ, ಗುಂಪು, ಇತರರು. ಹಕ್ಕುಗಳೂ ಮೂರು: ಓದಲು 4, ಬರೆಯಲು 2, ನಡೆಸಲು 1 ಎಂದು ಅಂಕ ಕೊಟ್ಟು ಕೂಡಿಸುತ್ತಾರೆ. 640 ಎಂದರೆ ಒಡೆಯ ಓದಿ ಬರೆಯಬಹುದು, ಗುಂಪಿನವರು ಓದಬಹುದು, ಇತರರಿಗೆ ಏನೂ ಇಲ್ಲ. ಫೋಲ್ಡರಿಗೆ ಬಂದಾಗ 'ನಡೆಸುವ' ಹಕ್ಕೆಂದರೆ ಹೊಸ್ತಿಲು ದಾಟಿ ಒಳಗೆ ಹೋಗುವ ಹಕ್ಕು.

ನಮ್ಮ ಅರ್ಜಿಗಳಿಗೆ 640 ಇತ್ತು. ಒಡೆಯರು ಕಾರ್ಯದರ್ಶಿಗಳು, ಗುಂಪು ಸಮಿತಿಯವರದು. ಆದರೆ ನನ್ನ ಪೆನ್‌ಡ್ರೈವಿನಲ್ಲಿ ಇದ್ದದ್ದು ಫ್ಯಾಟ್ ಎಂಬ ವ್ಯವಸ್ಥೆ. ಈ ಹಕ್ಕುಗಳನ್ನು ಬರೆದಿಡಲು ಅದರಲ್ಲಿ ಜಾಗವೇ ಇಲ್ಲ. ಅಲ್ಲಿಂದ ಇಳಿದ ಫೈಲುಗಳೆಲ್ಲ 644 ಆದವು, ಅಂದರೆ ಊರಿಗೆಲ್ಲ ಓದುವ ಹಕ್ಕು. ಒಡೆತನವೂ ನನ್ನ ಹೆಸರಿಗೇ ಬಂದಿತ್ತು.

ಅವನು ಬರುವ ಮೊದಲೇ ಗಾಬರಿಯಲ್ಲಿ ನಾನು ಇನ್ನೊಂದು ಎಡವಟ್ಟು ಮಾಡಿದ್ದೆ. ಹಕ್ಕು ಬದಲಿಸುವ 'ಸಿಎಚ್‌ಎಂಓಡಿ' ಆಜ್ಞೆಯಿಂದ ಫೋಲ್ಡರಿಗೂ ಒಳಗಿನದಕ್ಕೂ ಒಟ್ಟಿಗೇ 640 ಕೊಟ್ಟೆ. ಫೋಲ್ಡರಿನ ಹೊಸ್ತಿಲ ಹಕ್ಕೇ ಹೋಗಿ, ನಾನೂ ಹೊರಗುಳಿದೆ! ಎಲ್ಲಕ್ಕೂ 777 ಕೊಟ್ಟು ಕೈತೊಳೆದುಕೊಳ್ಳುವವರೂ ಇದ್ದಾರಂತೆ. ಅದು ಮನೆಯ ಬಾಗಿಲನ್ನೇ ಕಿತ್ತಿಟ್ಟ ಹಾಗೆ.

ಸರಿಯಾದ ದಾರಿ ಎರಡೇ ಸಾಲಿನದು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪ್ ಮಾಡಿ, 'ಆರ್' ಮಾತ್ರ ದೊಡ್ಡಕ್ಷರ. ಹಳೆಯ ಯಂತ್ರದಲ್ಲಿ, ಆ ಫೋಲ್ಡರಿನೊಳಗೆ ನಿಂತು:

ಜಿಇಟಿಎಫ್‌ಎಸಿಎಲ್ -ಆರ್ . > ಹಕ್ಕುಪಟ್ಟಿ

ಚುಕ್ಕಿ ಎಂದರೆ 'ಈ ಫೋಲ್ಡರು'. ಪ್ರತಿ ಫೈಲಿನ ಒಡೆಯ, ಗುಂಪು, ಹಕ್ಕು ಎಲ್ಲವೂ ಬರಿಯ ಅಕ್ಷರಗಳಲ್ಲಿ 'ಹಕ್ಕುಪಟ್ಟಿ' ಎಂಬ ಕಡತಕ್ಕೆ ಇಳಿಯುತ್ತದೆ. ಬರಿಯ ಅಕ್ಷರವಾದ್ದರಿಂದ ಪೆನ್‌ಡ್ರೈವಿನಲ್ಲಿ ಹೋದರೂ ಕೆಡುವುದಿಲ್ಲ. ಹೊಸ ಯಂತ್ರದಲ್ಲಿ ಅದನ್ನು ಅದೇ ಫೋಲ್ಡರಿನಲ್ಲಿಟ್ಟು, ಅಲ್ಲೇ ನಿಂತು:

ಎಸ್‌ಇಟಿಎಫ್‌ಎಸಿಎಲ್ --ಆರ್‌ಇಎಸ್‌ಟಿಓಆರ್‌ಇ=ಹಕ್ಕುಪಟ್ಟಿ

ಎರಡನೆಯ ಸಾಲಿನಲ್ಲಿ 'ಆರ್' ಕೂಡ ಸಣ್ಣಕ್ಷರವೇ. ಫೈಲಿನ ಒಳಗಿನ ಬರಹಕ್ಕೆ ಏನೂ ಆಗುವುದಿಲ್ಲ, ಹಕ್ಕುಗಳಷ್ಟೇ ಮರಳುತ್ತವೆ.

ಮೂರು ಎಚ್ಚರಿಕೆಗಳಿವೆ. ಒಡೆತನ ಬದಲಾಗಬೇಕಾದರೆ ಈ ಕೆಲಸವನ್ನು ಆಡಳಿತಗಾರರ ಅಧಿಕಾರದಲ್ಲೇ ಮಾಡಬೇಕು. ಹಳೆಯ ಯಂತ್ರದ ಬಳಕೆದಾರರು ಮತ್ತು ಗುಂಪುಗಳು ಹೊಸದರಲ್ಲಿ ಅದೇ ಹೆಸರಿನಲ್ಲಿ ಮೊದಲೇ ಇರಬೇಕು. ಈ ನಡುವೆ ಹೊಸದಾಗಿ ಸೇರಿದ ಫೈಲುಗಳು ಪಟ್ಟಿಯಲ್ಲಿ ಇರುವುದಿಲ್ಲ. ಅವಕ್ಕೆ ಕೈಯಾರೆ ಹಕ್ಕು ಕೊಡಬೇಕು.

ಒಂದೇ ಫೈಲಿನ ಹಕ್ಕನ್ನು ಇನ್ನೊಂದಕ್ಕೆ ಕೊಡುವುದಾದರೆ 'ಸಿಎಚ್‌ಎಂಓಡಿ' ಆಜ್ಞೆಗೆ '--ಆರ್‌ಇಎಫ್‌ಇಆರ್‌ಇಎನ್‌ಸಿಇ=' ಎಂದು ಸೇರಿಸಿ, ಮಾದರಿ ಫೈಲಿನ ಹೆಸರು ಬರೆದು, ಒಂದು ಜಾಗ ಬಿಟ್ಟು ಇನ್ನೊಂದರ ಹೆಸರು ಬರೆದರೆ ಸಾಕು. ಒಂದು ಲಿನಕ್ಸ್ ಡಿಸ್ಕಿನಿಂದ ಇನ್ನೊಂದಕ್ಕೆ ನಕಲು ಮಾಡುವಾಗ, ಆಡಳಿತಗಾರರಾಗಿ 'ಸಿಪಿ -ಎ' ಎಂದರೆ ಹಕ್ಕುಗಳು ಜೊತೆಯಲ್ಲೇ ಬರುತ್ತವೆ. ವಿಂಡೋಸ್‌ನವರಿಗೆ 'ಐಸಿಎಸಿಎಲ್‌ಎಸ್' ಎಂಬ ಆಜ್ಞೆ ಇದೆ. ಅದಕ್ಕೂ ಹಕ್ಕುಗಳನ್ನು ಉಳಿಸುವ, ಮರಳಿಸುವ ಶಕ್ತಿ ಉಂಟು. ಕೊನೆಗೆ 'ಎಲ್‌ಎಸ್ -ಎಲ್' ಎಂದು ಟೈಪ್ ಮಾಡಿ ಕಣ್ಣಾರೆ ನೋಡಿ. ಆಮೇಲೆ ಸಾಮಾನ್ಯ ಖಾತೆಗೆ ಹೋಗಿ ಆ ಫೈಲು ತೆರೆಯಲು ಯತ್ನಿಸಿ. ತೆರೆಯಬಾರದು. ನಾನು ಫೈಲುಗಳನ್ನು ಎಣಿಸಿದ್ದೆ, ಇದನ್ನು ಮಾತ್ರ ಮಾಡಿರಲಿಲ್ಲ.

ಆ ಸಂಜೆಯೇ ಹುಡುಗಿಯ ಮನೆಗೆ ಹೋಗಿ, ತಪ್ಪು ನನ್ನದೆಂದು ಅವಳಿಗೂ ಅವಳ ತಂದೆತಾಯಿಗೂ ಹೇಳಿದೆ. ಅವಳ ತಾಯಿ ಕಾಫಿ ಕೊಟ್ಟರು. ಅವಳು ಮಾತಾಡಲಿಲ್ಲ. ಸುಮಾರು ಒಂದು ತಿಂಗಳ ಮೇಲೆ ಒಂದು ಭಾನುವಾರ ಪುಸ್ತಕ ಹಿಂದಿರುಗಿಸಲು ಬಂದಳು. ಇನ್ನೊಂದು ಪುಸ್ತಕ ತೆಗೆದುಕೊಂಡೇ ಹೋದಳು.

ಮಕ್ಕಳೇ, ನಿಮ್ಮ ಕೈಯಲ್ಲಿ ನಾಳೆ ಆಸ್ಪತ್ರೆಯ, ಬ್ಯಾಂಕಿನ, ಶಾಲೆಯ ಕಡತಗಳಿರುತ್ತವೆ. ಒಂದೊಂದರ ಹಿಂದೆಯೂ ಯಾರದೋ ಮನೆಯ ಮರ್ಯಾದೆ ಇರುತ್ತದೆ. ಸಾಗಿಸುವಾಗ ಬೀಗದ ಕೈಗಳನ್ನೂ ಎಣಿಸಿಕೊಳ್ಳಿ.