ಇ-ಮೇಲ್‌ನಲ್ಲಿ ಬಂದ ಕಾಗದಪತ್ರ: ಕಾಪಾಡಿಕೊಳ್ಳುವ ಕ್ರಮ

ತೋಟವಿರುವ ಮನೆಯಲ್ಲಿ ಕಾಗದಪತ್ರಗಳಿಗೊಂದು ಜಾಗ ಇದ್ದೇ ಇರುತ್ತದೆ. ಪಹಣಿ, ಕಂದಾಯದ ರಸೀದಿ, ಸೊಸೈಟಿಯ ಪಾಸ್‌ಪುಸ್ತಕ, ಮಂಡಿಯ ಪಟ್ಟಿ ಮುಂತಾದವನ್ನು ಟ್ರಂಕಿನಲ್ಲೋ ಗೋಡೆಯ ಕಪಾಟಿನಲ್ಲೋ ಜೋಪಾನ ಮಾಡುವುದು ಹಿರಿಯರಿಂದ ಬಂದ ರೂಢಿ. ಕಾಫಿ ಮಂಡಳಿಯ ಪೂಲ್ ಪದ್ಧತಿಯನ್ನು ಕಂಡವರಿಗೆ ಇದರ ಬೆಲೆ ಚೆನ್ನಾಗಿ ಗೊತ್ತು. ಕೊಟ್ಟ ಕಾಫಿಯ ಹಣ ಆಗ ಕಂತುಗಳಲ್ಲಿ ಬರುತ್ತಿತ್ತು. ಕೊನೆಯ ಕಂತು ಕೈಸೇರುವ ತನಕ ರಸೀದಿಯನ್ನು ಕಾಯಬೇಕಿತ್ತು. 1996ರಲ್ಲಿ ಮುಕ್ತ ಮಾರಾಟಕ್ಕೆ ಪೂರ್ಣ ಅವಕಾಶ ದೊರೆತ ಮೇಲೆ ಆ ಪದ್ಧತಿ ಹೋಯಿತು. ಆದರೆ ಕಾಗದದ ಅಗತ್ಯ ಹೋಗಲಿಲ್ಲ.

ಈಗ ಇಂಥ ಕಾಗದಗಳಲ್ಲಿ ಹಲವು ಅಂಚೆಯವರ ಕೈಯಿಂದ ಬರುವುದಿಲ್ಲ, ಇ-ಮೇಲ್‌ನಲ್ಲಿ ಬರುತ್ತವೆ. ಬ್ಯಾಂಕಿನ ಸಾಲದ ಲೆಕ್ಕ, ವಿಮೆಯ ಕಂತಿನ ರಸೀದಿ, ಮಣ್ಣು ಪರೀಕ್ಷೆಯ ಫಲಿತಾಂಶ, ಕ್ಯೂರಿಂಗ್ ವರ್ಕ್ಸ್‌ನ ಔಟ್‌ಟರ್ನ್ ಲೆಕ್ಕ, ವ್ಯಾಪಾರಿಯೊಡನೆ ದರ ಗೊತ್ತುಮಾಡಿಕೊಂಡ ಪತ್ರ, ಹೀಗೆ. ಎಲ್ಲಿದೆ ಎಂದು ಕೇಳಿದರೆ "ಮೇಲ್‌ನಲ್ಲಿದೆ" ಎನ್ನುತ್ತೇವೆ. ಮೇಲ್‌ನಲ್ಲಿರುವ ಕಾಗದ ನಮ್ಮ ಕಪಾಟಿನಲ್ಲಿರುವ ಕಾಗದವಲ್ಲ. ಬೇರೆಯವರ ಉಗ್ರಾಣದಲ್ಲಿ ಇರಿಸಿದ ಮಾಲಿನಂತೆ. ಅದರ ಒಂದು ಪ್ರತಿ ನಮ್ಮ ಕೈಯಲ್ಲೂ ಇರಬೇಕು.

ಅಪಾಯ ಎಲ್ಲಿದೆ?

ಮೊದಲನೆಯದು, ಮೇಲ್ ಖಾತೆ ಎಷ್ಟೋ ಸಲ ನಮ್ಮ ಹಿಡಿತದಲ್ಲೇ ಇರುವುದಿಲ್ಲ. ಅರ್ಜಿ ತುಂಬುವಾಗ ಬೆಂಗಳೂರಿನಲ್ಲಿರುವ ಮಗನ ವಿಳಾಸವನ್ನೋ, ಸೈಬರ್ ಸೆಂಟರ್‌ನವರು ಆ ಕ್ಷಣಕ್ಕೆ ಮಾಡಿಕೊಟ್ಟ ವಿಳಾಸವನ್ನೋ ಕೊಟ್ಟಿರುತ್ತೇವೆ. ಅದರ ಪಾಸ್‌ವರ್ಡ್ ಯಾರಿಗೂ ನೆನಪಿರುವುದಿಲ್ಲ. ಎರಡನೆಯದು, ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅಳಿಸಿಹಾಕುವ ನಿಯಮವನ್ನು ಗೂಗಲ್ ಸಂಸ್ಥೆ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಮೂರನೆಯದು, ಜಿ-ಮೇಲ್‌ನಲ್ಲಿ ಉಚಿತವಾಗಿ ಸಿಗುವ ಜಾಗ 15 ಗಿಗಾಬೈಟ್. ಫೋಟೋಗಳೂ ಅದರಲ್ಲೇ ಸೇರುತ್ತವೆ. ಅದು ತುಂಬಿದರೆ ಹೊಸ ಪತ್ರ ಬರುವುದು ನಿಲ್ಲುತ್ತದೆ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯನ್ನೇ ನೋಡಿ. ಕಂತು ಕಟ್ಟುವುದು ಒಂದು ಮಳೆಗಾಲದಲ್ಲಿ, ಪರಿಹಾರದ ಮಾತು ಬರುವುದು ಬಹಳ ತಿಂಗಳಾದ ಮೇಲೆ. ಅಷ್ಟರಲ್ಲಿ ಸರ್ವೆ ನಂಬರು ತಪ್ಪಾಗಿದೆಯೆಂದೋ ಹೆಸರು ಪಟ್ಟಿಯಲ್ಲಿಲ್ಲವೆಂದೋ ತಿಳಿದರೆ, ಕಟ್ಟಿದ್ದಕ್ಕೆ ದಾಖಲೆ ತೋರಿಸಬೇಕಾದವರು ನಾವೇ. ಖಾತೆ ತೆರೆಯಲು ಬಾರದಿದ್ದರೆ ಕೊಳೆರೋಗದಿಂದಾದ ನಷ್ಟದ ಮೇಲೆ ಇದೂ ಒಂದು ನಷ್ಟ.

ಪಿ.ಡಿ.ಎಫ್. ಎಂದರೇನು?

ಎಲ್ಲಿಗೆ ಒಯ್ದರೂ ರೂಪ ಕೆಡದ ದಸ್ತಾವೇಜು ಎಂದು ಇದನ್ನು ಹೇಳಬಹುದು. ಅಡೋಬಿ ಕಂಪನಿ 1993ರಲ್ಲಿ ಹೊರತಂದ ಈ ಕ್ರಮ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಕನ್ನಡದವರಿಗೆ ಇದರಿಂದ ವಿಶೇಷ ಉಪಯೋಗವಿದೆ. ಹಳೆಯ ನುಡಿ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಪತ್ರವನ್ನು ಬೇರೆ ಕಂಪ್ಯೂಟರ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳು ಕಾಣುವುದು ಹಲವರ ಅನುಭವ. ಪಿ.ಡಿ.ಎಫ್. ಕಡತವು ಅಕ್ಷರದ ಆಕಾರವನ್ನು ಸಾಮಾನ್ಯವಾಗಿ ತನ್ನೊಳಗೇ ಇಟ್ಟುಕೊಂಡಿರುವುದರಿಂದ ಬ್ಯಾಂಕಿನಲ್ಲಾಗಲಿ ತಾಲ್ಲೂಕು ಕಚೇರಿಯಲ್ಲಾಗಲಿ ಒಂದೇ ರೀತಿ ಕಾಣುತ್ತದೆ.

ಮಾಡುವ ಕ್ರಮ

1. ಕಂಪ್ಯೂಟರ್‌ನಲ್ಲಿ ಜಿ-ಮೇಲ್ ತೆರೆದು ಬೇಕಾದ ಪತ್ರವನ್ನು ತೆರೆಯಿರಿ. ಪತ್ರದ ಬಲಭಾಗದಲ್ಲಿ ಮೇಲೆ ಕಾಣುವ ಮೂರು ಚುಕ್ಕೆಗಳನ್ನು ಒತ್ತಿ, 'ಪ್ರಿಂಟ್' ಎಂಬುದನ್ನು ಆರಿಸಿ. ಹಲವು ಸಲ ಹೋಗಿಬಂದ ಉತ್ತರಗಳೆಲ್ಲ ಒಟ್ಟಿಗೆ ಬೇಕಾದರೆ, ವಿಷಯದ ಸಾಲಿನ ಬಲಕ್ಕಿರುವ ಪ್ರಿಂಟರ್ ಚಿತ್ರವನ್ನು ಒತ್ತಿ.

2. ಆಗ ಬರುವ ಚೌಕದಲ್ಲಿ 'ಡೆಸ್ಟಿನೇಷನ್' ಎಂದಿರುವಲ್ಲಿ ಪ್ರಿಂಟರ್ ಹೆಸರಿನ ಬದಲು 'ಸೇವ್ ಆ್ಯಸ್ ಪಿ.ಡಿ.ಎಫ್.' ಆರಿಸಿ 'ಸೇವ್' ಒತ್ತಿ. ಮನೆಯಲ್ಲಿ ಪ್ರಿಂಟರ್ ಇರಬೇಕೆಂದಿಲ್ಲ.

3. ಔಟ್‌ಲುಕ್ ಮುಂತಾದವನ್ನು ಬಳಸುವವರು ಪ್ರಿಂಟರ್‌ಗಳ ಪಟ್ಟಿಯಲ್ಲಿ 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿ.ಡಿ.ಎಫ್.' ಎಂಬುದನ್ನು ಆರಿಸಬೇಕು. ವಿಂಡೋಸ್ 10 ಮತ್ತು ಅದರ ನಂತರದ ಕಂಪ್ಯೂಟರ್‌ಗಳಲ್ಲಿ ಇದು ಮೊದಲೇ ಇರುತ್ತದೆ.

4. ಕಡತಕ್ಕೆ ಹೆಸರಿಡುವಾಗ ವರ್ಷ, ತಿಂಗಳು, ದಿನ ಮೊದಲು ಬರಲಿ. ಉದಾಹರಣೆಗೆ '2025-07-28 ಅಡಿಕೆ ವಿಮೆ ಕಂತು'. ಹೀಗಿಟ್ಟರೆ ಕಡತಗಳು ತಾವಾಗಿಯೇ ದಿನಾಂಕದ ಸಾಲಿನಲ್ಲಿ ನಿಲ್ಲುತ್ತವೆ. ವರ್ಷಕ್ಕೊಂದು ಫೋಲ್ಡರ್ ಸಾಕು.

ಗಮನಿಸಬೇಕಾದ ಅಂಶಗಳು

ಪತ್ರದ ಜೊತೆಗೆ ಲಗತ್ತಿಸಿದ ಬಿಲ್ಲು, ಪಟ್ಟಿಗಳು ಈ ಪಿ.ಡಿ.ಎಫ್.ನೊಳಗೆ ಸೇರುವುದಿಲ್ಲ, ಅವುಗಳ ಹೆಸರು ಮಾತ್ರ ಕಾಣಬಹುದು. ಅವನ್ನು ಬೇರೆಯಾಗಿ ಡೌನ್‌ಲೋಡ್ ಮಾಡಿ ಅದೇ ಫೋಲ್ಡರ್‌ನಲ್ಲಿ ಇಡತಕ್ಕದ್ದು. ಲಗತ್ತು ತೆರೆಯಲು ಪಾಸ್‌ವರ್ಡ್ ಬೇಕಾಗುವಂತಿದ್ದರೆ ಅದನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಬಂದ ಪತ್ರವನ್ನಷ್ಟೇ ಅಲ್ಲ, ನಾವು ಕಳುಹಿಸಿದ ದೂರು, ಅರ್ಜಿಗಳನ್ನೂ ಹೀಗೆಯೇ ಉಳಿಸಬೇಕು. ಯಾವ ದಿನ ಕೇಳಿದೆವು ಎಂಬುದು ಎಷ್ಟೋ ಸಲ ಉತ್ತರಕ್ಕಿಂತ ಮುಖ್ಯ.

ಸೈಬರ್ ಸೆಂಟರ್‌ನಲ್ಲಿ ಈ ಕೆಲಸ ಮಾಡಿಸುವವರು ಕಡತವನ್ನು ಪೆನ್ ಡ್ರೈವ್‌ಗೆ ಹಾಕಿಕೊಂಡ ಮೇಲೆ, ಆ ಕಂಪ್ಯೂಟರ್‌ನಲ್ಲಿ ಉಳಿದ ಪ್ರತಿಯನ್ನು ಅಳಿಸಿ, ಮೇಲ್ ಖಾತೆಯಿಂದ 'ಸೈನ್ ಔಟ್' ಆಗಿಯೇ ಹೊರಡಬೇಕು. ಇಲ್ಲವಾದರೆ ನಿಮ್ಮ ಬ್ಯಾಂಕಿನ ಲೆಕ್ಕ ಮುಂದೆ ಬಂದು ಕೂತವರ ಕಣ್ಣಿಗೂ ಬೀಳುತ್ತದೆ.

ಒಂದೇ ಪ್ರತಿಯನ್ನು ನಂಬಬಾರದು. ಸಿಡಿಲಿಗೆ ಕಂಪ್ಯೂಟರ್ ಸುಟ್ಟುಹೋಗುವುದು ಮಲೆನಾಡಿಗೆ ಹೊಸ ಸಂಗತಿಯಲ್ಲ. ಕಂಪ್ಯೂಟರ್‌ನಲ್ಲಿ ಒಂದು, ಪೆನ್ ಡ್ರೈವ್‌ನಲ್ಲಿ ಒಂದು, ಸಾಧ್ಯವಾದರೆ ಬೇರೆ ಊರಿನಲ್ಲಿರುವ ಮಕ್ಕಳ ಬಳಿ ಇನ್ನೊಂದು ಇರಲಿ.

ಮೂಲವನ್ನು ಅಳಿಸಬೇಡಿ

ಪಿ.ಡಿ.ಎಫ್. ಮಾಡಿಕೊಂಡೆವೆಂದು ಮೇಲ್‌ನಲ್ಲಿರುವ ಮೂಲ ಪತ್ರವನ್ನು ತೆಗೆದುಹಾಕುವುದು ಸರಿಯಲ್ಲ. ಪಿ.ಡಿ.ಎಫ್. ಎಂಬುದು ಓದಲು, ತೋರಿಸಲು ಅನುಕೂಲವಾದ ನಕಲು. ಪತ್ರ ಯಾವ ದಾರಿಯಿಂದ, ಎಷ್ಟು ಹೊತ್ತಿಗೆ ಬಂತೆಂಬ ಪೂರ್ಣ ವಿವರ ಮೂಲದಲ್ಲಿ ಮಾತ್ರ ಇರುತ್ತದೆ. ವಿದ್ಯುನ್ಮಾನ ದಾಖಲೆಗಳಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆ ಮಾನ್ಯತೆ ಕೊಟ್ಟಿದೆ. ಆದರೆ 1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ, ಅಂಥ ದಾಖಲೆಯ ಪ್ರತಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸುವಾಗ ಗೊತ್ತಾದ ನಮೂನೆಯ ಪ್ರಮಾಣಪತ್ರ ಜೊತೆಗಿರಬೇಕು. ಎದುರು ಪಕ್ಷದವರು "ಇದು ತಿದ್ದಿದ ಕಾಗದ" ಎಂದರೆ ನೆರವಿಗೆ ಬರುವುದು ಮೂಲವೇ. ಆದ್ದರಿಂದ ಮಹತ್ವದ ಪತ್ರವಾದರೆ ಅದೇ ಮೂರು ಚುಕ್ಕೆಗಳ ಪಟ್ಟಿಯಲ್ಲಿರುವ 'ಡೌನ್‌ಲೋಡ್ ಮೆಸೇಜ್' ಒತ್ತಿ, ಮೂಲದ ಪ್ರತಿಯನ್ನೂ ಪಿ.ಡಿ.ಎಫ್. ಪಕ್ಕದಲ್ಲಿಡುವುದು ಲೇಸು.

ಕಾಫಿ ಬೆಳೆಗಾರರಿಗೆ ಇನ್ನೂ ಒಂದು ಕಾರಣವಿದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಕಾಯಿದೆಯ ಪ್ರಕಾರ, 31 ಡಿಸೆಂಬರ್ 2020ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಗೆ ಅಲ್ಲಿ ಪ್ರವೇಶವಿಲ್ಲ. ಕಾಯಿದೆ ಜಾರಿಯ ದಿನವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದರೂ ಷರತ್ತು ಬದಲಾಗಲಿಲ್ಲ. ತೋಟದ ಸ್ಥಳದ ವಿವರವನ್ನು ರಫ್ತುದಾರರಿಗೆ ಮೇಲ್‌ನಲ್ಲಿ ಕಳುಹಿಸಿದವರು, ಯಾರಿಗೆ, ಯಾವಾಗ, ಏನು ಕೊಟ್ಟೆವೆಂಬುದರ ಪ್ರತಿಯನ್ನು ಇಟ್ಟುಕೊಳ್ಳಬೇಕು.

ತಿಂಗಳಿಗೊಮ್ಮೆ, ಮನೆಯ ಲೆಕ್ಕ ಬರೆಯುವ ದಿನವೇ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಕು. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರಿಂದ ಒಂದು ಸಲ ಮಾಡಿಸಿ ನೋಡಿ, ಎರಡನೆಯ ಸಲ ನೀವೇ ಮಾಡಿ. ಬೆಳೆಗಾರ ಬಂಧುಗಳು ಈ ತಿಂಗಳಲ್ಲೇ ವಿಮೆ ಮತ್ತು ಸಾಲದ ಪತ್ರಗಳಿಂದ ಈ ಕೆಲಸವನ್ನು ಆರಂಭಿಸುವುದು ಒಳ್ಳೆಯದು.